ನಾಲ್ಕು ತೂತಿನ ವ್ಯಾಜ್ಯ

ನಮ್ಮ ಮನೆಯಲ್ಲಿ ಮೂರು ವಾರ ಮಾತಿಗಿಂತ ಪಾತ್ರೆಗಳ ಸದ್ದೇ ಹೆಚ್ಚಾಗಿದ್ದದ್ದು ನಾಲ್ಕು ತೂತಿನ ವಿಷಯಕ್ಕೆ. ಅದೂ ಹಾಕಿದ ತೂತಲ್ಲ. ಹಾಕಬೇಕೋ ಬೇಡವೋ ಎಂದು ಇನ್ನೂ ತೀರ್ಮಾನವಾಗದ ತೂತು. ಆಸ್ತಿಗಾಗಿ ಮನಸ್ತಾಪವಾದ ಸಂಸಾರಗಳನ್ನು ನೋಡಿದ್ದೇನೆ, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಮುನಿಸಿಕೊಂಡವರನ್ನೂ ನೋಡಿದ್ದೇನೆ. ಇಲ್ಲದಿರುವ ವಸ್ತುವಿಗಾಗಿ ಜಗಳವಾಡಿದವರು, ನನಗೆ ತಿಳಿದ ಮಟ್ಟಿಗೆ, ಲಗ್ಗೆರೆಯಲ್ಲಿ ನಾವಿಬ್ಬರೇ. (ತೂತು ಎಂದರೆ ಏನೂ ಇಲ್ಲದ ಜಾಗ ತಾನೇ? ಹಾಕದಿರುವ ತೂತು ಎಂದರೆ ಅದೂ ಇಲ್ಲ. ಅಷ್ಟಕ್ಕೆ ನನಗೆ ಮೂರು ವಾರ ತಣ್ಣನೆಯ ರೊಟ್ಟಿ.)

ಕೂತು ಕೇಳಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ಇರಣ್ಣ, ಹುಬ್ಬಳ್ಳಿ ಕಡೆಯವನು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಹಗಲೆಲ್ಲ ಕಬ್ಬಿಣ ಉಜ್ಜುವುದು ಹೊಟ್ಟೆಪಾಡು. ಸಂಜೆ ಹೊತ್ತು ಕೆಂಡಸಂಪಿಗೆ ಮೆಲೋಡೀಸ್ ಎಂಬ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುವುದು ಹುಚ್ಚು. ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ಮುಗಿಯುವ ತನಕ ನಮ್ಮದು ಸುಗ್ಗಿ. ಬೆಂಗಳೂರಿನ ಮೂಲೆಮೂಲೆಯಲ್ಲಿ ರಾಜ್ಯೋತ್ಸವ ನಡೆಯುತ್ತದೆ, ರಾಜ್ಯೋತ್ಸವ ನಡೆದಲ್ಲೆಲ್ಲ ವೇದಿಕೆ ಏಳುತ್ತದೆ, ವೇದಿಕೆ ಎದ್ದಲ್ಲೆಲ್ಲ ಎಡಗಡೆಯಿಂದ ಎರಡನೇ ಸ್ಟೂಲಿನ ಮೇಲೆ ನಾನು ಇರುತ್ತೇನೆ. ಹೊಳೆಯುವ ನೀಲಿ ಕೋಟು. ಆ ಸ್ಟೂಲು ನನಗೆ ಇಂದ್ರನ ಸಿಂಹಾಸನ.

ನನ್ನ ಗಿಟಾರಿನದು ದೊಡ್ಡ ವಂಶ. ಪಿಟೀಲಿನ ಹಾಗೆ ಒಳಗೆಲ್ಲ ಟೊಳ್ಳು, ಮೇಲೆ ಜೇನುತುಪ್ಪದ ಬಣ್ಣ. ಆಂಪ್ಲಿಫೈಯರ್ ಪೆಟ್ಟಿಗೆಗೆ ಜೋಡಿಸಿದರೆ ಮೈದಾನ ತುಂಬುತ್ತದೆ, ಜೋಡಿಸದಿದ್ದರೆ ನಮ್ಮ ಒಂದು ಕೋಣೆಯ ಮನೆ ತುಂಬುತ್ತದೆ. ಇದನ್ನು ಕೊಟ್ಟವರು ನನ್ನ ಮಾವ ಚನಬಸಪ್ಪನವರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು, ಪ್ರಾಯದಲ್ಲಿ ರೈಲ್ವೆಯವರ ಕ್ಲಬ್ಬಿನಲ್ಲಿ ಇದನ್ನು ನುಡಿಸುತ್ತಿದ್ದರಂತೆ. ಆಸ್ಟ್ರೇಲಿಯಾಕ್ಕೆ ಹೊರಟು ನಿಂತಿದ್ದ ಒಬ್ಬ ಇಂಜಿನ್ ಡ್ರೈವರ್ ಸಾಹೇಬರ ಕೈಯಿಂದ ಪಡೆದದ್ದು. ನಮ್ಮ ಮದುವೆಯ ದಿನ ಎಲ್ಲರ ಎದುರಿಗೆ ನನ್ನ ಕೈಗಿಟ್ಟು, "ಅಳಿಯಂದ್ರ, ಮಗಳನ್ನೂ ಇದನ್ನೂ ಒಂದ ರೀತಿ ನೋಡಿಕೊಳ್ರಿ" ಎಂದಿದ್ದರು. ನನ್ನ ಹೆಂಡತಿ ನೀಲಾಂಬಿಕಾ ಆ ಮಾತನ್ನು ಅಕ್ಷರಶಃ ನೆನಪಿಟ್ಟುಕೊಂಡಿದ್ದಾಳೆ. ಗಿಟಾರಿಗೆ ಹೊಸ ಚೀಲ ಬಂದ ವರ್ಷ ತನಗೂ ಹೊಸ ಸೀರೆ ಬರಬೇಕೆಂದು ವಾದಿಸಿ ಗೆದ್ದವಳು ಅವಳು.

ಹೀಗಿರಲಾಗಿ, ತೊಂಬತ್ತಾರನೇ ಇಸವಿಯಲ್ಲಿ ಗಣೇಶನ ಹಬ್ಬದ ಕಾರ್ಯಕ್ರಮಗಳು ಮುಗಿದ ಮೇಲೆ ನಮ್ಮ ಆರ್ಕೆಸ್ಟ್ರಾದ ಯಜಮಾನ ಈರೇಶ್ ನನ್ನನ್ನು ಪಕ್ಕಕ್ಕೆ ಕರೆದ.

"ಗುರು, ಬೇಜಾರ್ ಮಾಡ್ಕೋಬೇಡ. ಈಗಿನ ಹಾಡೆಲ್ಲ ತೇಲ್ತವೆ ಕಣೋ. ನಿನ್ನ ಗಿಟಾರ್ ತೇಲಲ್ಲ, ಕಂಬದ ಥರ ನಿಂತಿರುತ್ತೆ. ಅದಕ್ಕೊಂದು ಹ್ಯಾಂಡ್ಲು ಹಾಕ್ಸು."

ಹ್ಯಾಂಡ್ಲು ಎಂದರೆ ಏನೆಂದು ಹೇಳಿಬಿಡುತ್ತೇನೆ. ಗಿಟಾರಿನ ಬಾಲದ ಕಡೆ ತಂತಿಗಳನ್ನೆಲ್ಲ ಎಳೆದು ಹಿಡಿದಿರುವ ಒಂದು ತಗಡು ಇರುತ್ತದೆ. ಅದನ್ನು ಬಿಚ್ಚಿ, ಸ್ಪ್ರಿಂಗ್ ಇರುವ ಒಂದು ಉರುಳೆ ಕೂರಿಸಿ, ಅದಕ್ಕೆ ಒಂದು ಹಿಡಿ ಸಿಕ್ಕಿಸಬೇಕು. ಹಿಡಿ ಒತ್ತಿದರೆ ತಂತಿಯೆಲ್ಲ ಸಡಿಲ, ಬಿಟ್ಟರೆ ಬಿಗಿ. ಸ್ವರ ತೊಟ್ಟಿಲಿನ ಹಾಗೆ ತೂಗುತ್ತದೆ. ಕಲಿತವರು ವೈಬ್ರೇಟೊ ಎನ್ನುತ್ತಾರೆ. ಇದನ್ನು ಕೂರಿಸಲು ಗಿಟಾರಿನ ಬುಡಕ್ಕೆ ನಾಲ್ಕು ತೂತು ಕೊರೆಯಬೇಕು. ಟೊಳ್ಳು ಗಿಟಾರು, ಹಳೆಯ ಮರ. ಕೊರೆಯುವಾಗ ಸೀಳು ಬಿಟ್ಟಿತೋ, ಮುಗಿಯಿತು. ಸೀಳದಿದ್ದರೂ ಹಾಕಿದ ತೂತನ್ನು ವಾಪಸು ತೆಗೆಯಲು ಬರುವುದಿಲ್ಲ.

"ಹಾಕಿಸದೇ ಇದ್ರೆ?" ಎಂದು ಕೇಳಿದೆ.

ಈರೇಶ್ ನನ್ನ ಭುಜ ಸವರಿದ. "ರಾಜಾಜಿನಗರದಲ್ಲೊಬ್ಬ ಹುಡುಗ ಇದಾನೆ. ಹ್ಯಾಂಡ್ಲಿರೋ ಗಿಟಾರೇ ಇಟ್ಕೊಂಡಿದಾನೆ. ದಸರಾ ಆದ್ಮೇಲೆ ರಿಹರ್ಸಲ್ಲು, ಅಷ್ಟೊತ್ತಿಗೆ ಹೇಳ್ಬಿಡು."

ಭುಜ ಸವರಿ ಹೇಳಿದ ಮಾತು ಹೊಟ್ಟೆಗೆ ಚುಚ್ಚುತ್ತದೆ. ನನ್ನ ಸಿಂಹಾಸನಕ್ಕೆ ರಾಜಾಜಿನಗರದಿಂದ ದಂಡಯಾತ್ರೆ ಹೊರಟಾಗಿತ್ತು.

ಮನೆಗೆ ಬಂದು ನೀಲಾಳ ಎದುರಿಗೆ ವಿಷಯ ಇಟ್ಟೆ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದಳು. ಸೂಜಿಯಿಂದ ಕಣ್ಣು ತೆಗೆಯದೆ ಕೇಳಿದಳು.

"ಎಂಟು ವರ್ಷ ಆತು ನಿಮ್ಮನ್ನ ಮದುವಿ ಆಗಿ. ದಿನಾ ಸಂಜೀಕ ಗಿಟಾರಿನ ಕಿವಿ ತಿರುವಿ ತಿರುವಿ ಸ್ವರ ಅಲುಗಾಡಬಾರದು, ಅಲುಗಾಡಬಾರದು ಅಂತ ಕುಂದರ್ತಿದ್ರಿ ಹೌದಿಲ್ಲೋ?"

"ಹೌದು."

"ಈಗ ಅದನ್ನ ಅಲುಗಾಡಸಾಕ ಹ್ಯಾಂಡಲ್ ಬೇಕಾತು?"

"ಅದು ಬ್ಯಾರೆ, ಇದು ಬ್ಯಾರೆ ನೀಲಾ. ಇದು ಬೇಕಂತ ಅಲುಗಾಡಸೋದು."

"ಬೇಕಂತ ಅಲುಗಾಡಸಾಕ ಹೊಟ್ಟಿಗೆ ತೂತು ಬೀಳಬೇಕೇನು? ನಿಮ್ಮ ಹೊಟ್ಟೀನೂ ಟೊಳ್ಳ ಐತಿ. ಅದಕ್ಕ ಯಾರರ ಕೈ ಹಚ್ಚ್ಯಾರೇನು?"

ಇಷ್ಟರಲ್ಲೇ ನಿಂತಿದ್ದರೆ ನಾನೂ ಒಂದು ಉತ್ತರ ಹುಡುಕುತ್ತಿದ್ದೆ. ಆದರೆ ಅವಳು ಬ್ರಹ್ಮಾಸ್ತ್ರ ತೆಗೆದಳು: "ನಮ್ಮಪ್ಪ ಕೊಟ್ಟದ್ದು." ಮದುವೆಯಾದ ಗಂಡಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಗದವರಿಗೆ ವಿವರಿಸಿ ಪ್ರಯೋಜನವಿಲ್ಲ.

ಕೊನೆಗೆ ಅವಳೇ ಒಂದು ದಾರಿ ತೋರಿಸಿದಳು. "ಅಪ್ಪಗ ಫೋನ್ ಹಚ್ಚಿ ಕೇಳ್ರಿ. ಅವರು ಹೂಂ ಅಂದ್ರ ನಾಲ್ಕಲ್ಲ, ನಲವತ್ತು ತೂತು ಹಾಕ್ರಿ. ಜರಡಿ ಮಾಡಿ ಹಿಟ್ಟು ಸೋಸೋಣ."

ಮಾವನವರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಅದರ ಕೆಳಗೆ ಎರಡು ಕಣ್ಣು. ಆ ಕಣ್ಣು ನಮ್ಮನ್ನು ಅಳತೆಗೋಲಿನ ಹಾಗೆ ನೋಡುತ್ತವೆ. ಎಸ್‌ಟಿಡಿ ಬೂತಿಗೆ ಹೋದೆ. ಹುಬ್ಬಳ್ಳಿಯಲ್ಲಿ ಪಕ್ಕದ ಮನೆಯವರ ಫೋನಿಗೆ ಮಾವ ಬಂದರು.

"ಮಾವಾರ, ಅಲ್ಲೆ ಮಳಿ ಹೆಂಗೈತ್ರಿ?" ಎಂದೆ.

"ಅಡ್ಡಿ ಇಲ್ಲ" ಎಂದರು. ಇಟ್ಟೆ.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ಮಳೆಯ ಯೋಗಕ್ಷೇಮ ವಿಚಾರಿಸಿದೆ. ಮೂರನೆಯ ಸಲ ನಾನು ಬಾಯಿ ತೆರೆಯುವ ಮೊದಲೇ ಅವರು, "ಮಳಿ ನಿಂತೈತಿ. ಮನ್ಯಾಗ ಎಲ್ಲಾರೂ ಆರಾಮ ಅದೀರಿ, ಹೌದಲ್ಲ?" ಎಂದರು. ಧ್ವನಿಯಲ್ಲಿ ಏನೋ ಶಂಕೆ ಇದ್ದ ಹಾಗಿತ್ತು. "ಆರಾಮ ಅದೇವ್ರಿ" ಎಂದು ಹೇಳಿ ಓಡಿಬಂದೆ.

ಇತ್ತ ನಾನು ಇನ್ನೊಂದು ಘನಕಾರ್ಯ ಮಾಡಿದ್ದೆ. ತೀರ್ಮಾನ ಆಮೇಲೆ ಮಾಡಿದರಾಯಿತು, ವಸ್ತು ಮೊದಲು ಸಿದ್ಧವಿರಲಿ ಎಂದು ನಮ್ಮ ಟೂಲ್‌ರೂಮಿನ ಮೇಸ್ತ್ರಿ ಕರಿಬಸಪ್ಪನವರಿಗೆ ಹ್ಯಾಂಡ್ಲಿನ ಒಂದು ಚಿತ್ರ ಕೊಟ್ಟಿದ್ದೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ ವಿದೇಶಿ ಪತ್ರಿಕೆಯ ಪುಟ. ಕರಿಬಸಪ್ಪನವರು ಚಿತ್ರದುರ್ಗದ ಕಡೆಯವರು, ಕೂದಲೆಳೆಯನ್ನು ಹತ್ತು ಭಾಗ ಮಾಡಿ ಅದರಲ್ಲಿ ಎಷ್ಟನೇ ಭಾಗ ತಪ್ಪಿದೆ ಎಂದು ಹೇಳುವವರು. ಆ ಪುಟವನ್ನು ಭೂತಗನ್ನಡಿ ಹಿಡಿದು ನೋಡಿ, ಮೂರು ಕಡೆಯಿಂದ ನಕ್ಷೆ ಬರೆದು, ಊಟದ ವಿರಾಮದಲ್ಲಿ ಕೆಲಸಕ್ಕೆ ಇಳಿದರು.

ಪೀಣ್ಯದಲ್ಲಿ ಒಂದು ವಸ್ತುವನ್ನು ಮಾಡಲು ಹೇಳಿದರೆ ಅದು ಮುರಿಯದ ಹಾಗೆ ಮಾಡುತ್ತಾರೆ. ಅಷ್ಟೇ ಅವರಿಗೆ ಗೊತ್ತಿರುವ ಸೌಂದರ್ಯ. ಮೊದಲ ಹ್ಯಾಂಡ್ಲು ಗಟ್ಟಿ ಉಕ್ಕಿನದು, ಎರಡೂವರೆ ಕೆಜಿ. ಸ್ಪ್ರಿಂಗನ್ನು ತಗಡು ಒತ್ತುವ ಯಂತ್ರದಿಂದ ತೆಗೆದಿದ್ದರು. ಹ್ಯಾಂಡ್ಲನ್ನು ಬೆಂಚಿನ ವೈಸಿನ ದವಡೆಯಲ್ಲಿ ಕಚ್ಚಿಸಿ ನನಗೆ ಒತ್ತಲು ಹೇಳಿದರು. ಒಂದು ಕೈಯಲ್ಲಿ ಅಲುಗಲಿಲ್ಲ. ಎರಡು ಕೈ ಹಾಕಿದೆ. ಆಮೇಲೆ ಕಾಲು ಕೊಟ್ಟು ಒತ್ತಿದೆ, ಸ್ವಲ್ಪ ಬಾಗಿತು.

"ನೂರು ವರ್ಷಕ್ಕೆ ಏನೂ ಆಗಲ್ಲ ಕಣಪ್ಪ ಇದಕ್ಕೆ" ಎಂದರು ಕರಿಬಸಪ್ಪನವರು.

"ಇದಕ್ಕೆ ಏನೂ ಆಗಲ್ಲ ಯಜಮಾನ್ರೆ. ಗಿಟಾರಿಗೆ ಆಗುತ್ತೆ" ಎಂದೆ.

ಅವರಿಗೆ ಬೇಸರವಾಯಿತು. ಆದರೂ ಒಂದು ವಾರ ಕೂತು ಅಲ್ಯೂಮಿನಿಯಮ್ಮಿನಲ್ಲಿ ಇನ್ನೊಂದು ಮಾಡಿದರು. ಹಳೇ ಮೋಟಾರುಬೈಕಿನ ವಾಲ್ವ್ ಸ್ಪ್ರಿಂಗು ಹಾಕಿದರು, ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಈ ಸಲ ಒಂದು ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು, ಬಿಟ್ಟರೆ ಬೆಣ್ಣೆಯ ಹಾಗೆ ಹಿಂದೆ ಬರುತ್ತಿತ್ತು. ನೋಡಿ ನನಗೆ ಕಣ್ಣು ತುಂಬಿತು. ಅದಕ್ಕೆ ಅವರು ಒಂದು ಚಹಾ ಕೂಡ ನನ್ನಿಂದ ಕುಡಿಯಲಿಲ್ಲ. ಅಂಥ ಮನುಷ್ಯ ಬೆವರು ಸುರಿಸಿ ಮಾಡಿದ ವಸ್ತುವನ್ನು ಬೇಡ ಎನ್ನುವುದು ಹೇಗೆ? ಹೆಂಡತಿ ಬೇಡ ಎಂದದ್ದನ್ನು ಹಾಕಿಸುವುದು ಹೇಗೆ? ಬೆಳಿಗ್ಗೆ ಹಲ್ಲುಜ್ಜುವಾಗ 'ಹಾಕಿಸುತ್ತೇನೆ' ಎಂದುಕೊಳ್ಳುತ್ತಿದ್ದೆ. ನೀಲಾ ತಟ್ಟೆಗೆ ರೊಟ್ಟಿ ಹಾಕುವಾಗ 'ಬೇಡ' ಎನ್ನಿಸುತ್ತಿತ್ತು. ಕಾರ್ಖಾನೆಯ ಗೇಟು ದಾಟಿದೊಡನೆ ಮತ್ತೆ 'ಹಾಕಿಸುತ್ತೇನೆ'. ದಿನಕ್ಕೆ ಹತ್ತು ಸಲ ನಾನೇ ತೂಗುತ್ತಿದ್ದೆ.

ಕೊನೆಗೆ ಧೈರ್ಯ ಮಾಡಿದ್ದು ಆಯುಧಪೂಜೆಯ ದಿನ. ಕಾರಣವಿತ್ತು. ಅವತ್ತು ಕಾರ್ಖಾನೆಯಲ್ಲಿ ಕೆಲಸವಿಲ್ಲ, ಬರೀ ತೊಳೆಯುವುದು, ಪೂಜೆ, ಕಡ್ಲೆಪುರಿ. ಬೆಳಿಗ್ಗೆ ಎಂಟಕ್ಕೆ ಹೋದರೆ ಪೂಜೆಗೆ ಮುಂಚೆ ಹತ್ತು ನಿಮಿಷದಲ್ಲಿ ನಾಲ್ಕು ತೂತು. ಹಾಕಿದ ಮೇಲೆ ನೀಲಾ ಬೈಯುತ್ತಾಳೆ. ಆದರೆ ಬೈದು ತೂತು ಮುಚ್ಚಲು ಆಗುವುದಿಲ್ಲ. "ಈರೇಶ್ ಪ್ರಾಕ್ಟೀಸ್‌ಗೆ ಕರದಾನ" ಎಂದು ಸುಳ್ಳು ಹೇಳಿ, ಗಿಟಾರನ್ನು ಚೀಲ ಸಮೇತ ಹೆಗಲಿಗೆ ಹಾಕಿಕೊಂಡು ಹೊರಟೆ.

ಹೋಗಿ ನೋಡುತ್ತೇನೆ, ಎಂಟಕ್ಕೇ ಎಲ್ಲ ಯಂತ್ರಗಳೂ ಮದುಮಕ್ಕಳಾಗಿವೆ. ಕೊರೆಯುವ ಯಂತ್ರದ ಹಣೆಗೆ ವಿಭೂತಿ, ತಿರುಗುವ ಮೂತಿಗೆ ಚೆಂಡುಹೂವಿನ ಹಾರ, ಎರಡು ಕಡೆಗೂ ಬಾಳೆಕಂದು.

"ಯಜಮಾನ್ರೆ, ಒಂದು ಹತ್ತು ನಿಮಿಷ" ಎಂದೆ.

"ಹಾರ ಹಾಕಿದ ಮೇಲೆ ತಿರುಗಿಸ್ತಾರೇನಪ್ಪ? ನಾಳೆ ವಿಜಯದಶಮಿ, ಮುಹೂರ್ತಕ್ಕೆ ಮೊದಲ ಕೆಲಸ ನಿಂದೇ ಮಾಡ್ತೀನಿ."

"ಕೈಯಿಂದ ತಿರುಗಿಸೋ ಡ್ರಿಲ್ಲಾದ್ರೂ ಕೊಡಿ."

ಅವರು ಬೆರಳು ತೋರಿಸಿದರು. ಉದ್ದದ ಬೆಂಚಿನ ಮೇಲೆ ಸುತ್ತಿಗೆ, ಅರ, ಸ್ಪ್ಯಾನರು, ಅಳತೆಪಟ್ಟಿ, ಕೈಡ್ರಿಲ್ಲು ಎಲ್ಲ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು. ನಾನು ನಿಟ್ಟುಸಿರು ಬಿಟ್ಟು ಗಿಟಾರನ್ನು ಬೆಂಚಿನ ತುದಿಗೆ ಒರಗಿಸಿ ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ಚೀಲದಿಂದ ತೆಗೆದು, ಸುತ್ತಿಗೆಗೂ ಅಳತೆಪಟ್ಟಿಗೂ ನಡುವೆ ಮಲಗಿಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಮೇಲೊಂದು ಸೇವಂತಿಗೆ ಇಟ್ಟಿದ್ದರು. ಮಂಗಳಾರತಿ ಆಗಿಬಿಟ್ಟಿತು.

"ನಂದು ನಾನು ತಗೊಂಡ್ ಹೋಗ್ತೀನಿ" ಎಂದೆ.

ಕರಿಬಸಪ್ಪನವರು ನನ್ನನ್ನು ನೋಡಿದ ನೋಟ ನೆನೆದರೆ ಈಗಲೂ ನಾಚಿಕೆ. "ಪೂಜೆಗೆ ಕೂತ ಆಯುಧಾನ ನಾಳೆ ತನಕ ಯಾರು ಮುಟ್ತಾರೆ ಇರಣ್ಣ? ನಿನ್ನ ಊರಲ್ಲಿ ಮುಟ್ತಿದ್ರಾ?"

ಮುಟ್ಟುತ್ತಿರಲಿಲ್ಲ. ಬೂದುಗುಂಬಳ ಒಡೆದರು, ಬಾಗಿಲಿಗೆ ಬೀಗ ಹಾಕಿದರು. ನಾನು ಒಂದು ಸಿಹಿ ಪೊಟ್ಟಣ, ಒಂದು ಚೀಲ ಕಡ್ಲೆಪುರಿ ಹಿಡಿದು, ಖಾಲಿ ಹೆಗಲಿನಲ್ಲಿ ಮನೆಗೆ ಬಂದೆ.

ಮನೆಯ ಬಾಗಿಲಲ್ಲಿ ಒಂದು ಜೊತೆ ದಪ್ಪ ಚರ್ಮದ ಚಪ್ಪಲಿ ಇದ್ದವು. ಹುಬ್ಬಳ್ಳಿಯ ಚಪ್ಪಲಿ.

ಒಳಗೆ ಮಾವ ಚನಬಸಪ್ಪನವರು ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮೂರು ಸಲ ಅಳಿಯ ಫೋನು ಮಾಡಿ ಮಳೆ ಕೇಳಿದ ಮೇಲೆ, ಮಗಳ ಸಂಸಾರದಲ್ಲಿ ಏನೋ ಭಾರೀ ಗಂಡಾಂತರವಾಗಿದೆ ಎಂದು ರೈಲು ಹತ್ತಿಬಿಟ್ಟಿದ್ದರು. ನೀಲಾ ಹೊಲಿಗೆ ಯಂತ್ರ, ಕತ್ತರಿ, ಈಳಿಗೆಮಣೆಗಳಿಗೆ ಕುಂಕುಮ ಹಚ್ಚಿ ಪೂಜೆಗೆ ಅಣಿ ಮಾಡಿದ್ದಳು. ನಡುವೆ ಒಂದು ಮಣೆ ಖಾಲಿ ಇತ್ತು.

"ಗಿಟಾರ್ ಎಲ್ಲೈತ್ರಿ? ಅಪ್ಪ ಬಂದಾಗಿಂದ ಅದನ್ನ ಕೇಳಾಕತ್ತಾರ. ತರ್ರಿ, ಇಲ್ಲಿ ಇಡೋಣು."

ನಾನು ಗೋಡೆ ನೋಡಿದೆ. ಗೋಡೆ ಸಹಾಯಕ್ಕೆ ಬರಲಿಲ್ಲ. "ಪೂಜಾಕ್ಕ ಇಟ್ಟೇನಿ" ಎಂದೆ. (ಗಮನಿಸಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.) "ಫ್ಯಾಕ್ಟರ್ಯಾಗ."

"ಗಿಟಾರಿಗೆ ಫ್ಯಾಕ್ಟರ್ಯಾಗ ಏನ್ ಕೆಲಸ?" ನೀಲಾಳ ಹುಬ್ಬು ಏರಿತು. "ಪ್ರಾಕ್ಟೀಸ್ ಅಂದಿದ್ರಲ್ಲ?"

ನನ್ನ ಪುಣ್ಯ, ಮಾವ ನಕ್ಕರು. "ಇರಲಿ ಬಿಡವ್ವ. ಅದೂ ಆಯುಧನ. ನಾಳೆ ನಾನೂ ಬರ್ತೀನಿ, ಅಳಿಯಂದ್ರ ವರ್ಕ್‌ಶಾಪ್ ನೋಡಿದಂಗ ಆಗ್ತೈತಿ. ಎಣ್ಣಿ ವಾಸನಿ ಇಲ್ಲದ ಮೂಗು ಕಟ್ಟಿದಂಗ ಆಗೈತಿ ನನಗ."

"ನಾನೂ ಬರ್ತೀನಿ" ಎಂದಳು ನೀಲಾ. "ಎಲ್ಲಾರಿಗೂ ಬನ್ನಿ ಕೊಟ್ಟಂಗೂ ಆಗ್ತೈತಿ."

ಆ ರಾತ್ರಿ ನಾನು ಮಾಡಬಹುದಾಗಿದ್ದ ಒಂದೇ ಒಳ್ಳೆಯ ಕೆಲಸ ಎಲ್ಲ ಒಪ್ಪಿಕೊಂಡುಬಿಡುವುದು. ಅದರ ಬದಲು ಹೋಳಿಗೆ ತಿಂದು ಮಲಗಿದೆ. ನಾಳೆ ಮೊದಲು ನಾನೊಬ್ಬನೇ ಒಳಗೆ ಹೋಗಿ ಕರಿಬಸಪ್ಪನವರ ಕಿವಿಯಲ್ಲಿ ಉಸುರಿದರಾಯಿತು ಎಂದುಕೊಂಡಿದ್ದೆ. ಆದರೆ ಬೆಳಿಗ್ಗೆ ನಾವು ಮೂವರೂ ಗೇಟಿನೊಳಗೆ ಕಾಲಿಟ್ಟಾಗ ಅವರೇ ಬಾಗಿಲಲ್ಲಿ ನಿಂತಿದ್ದರು, ಹೊಸ ಅಂಗಿ ತೊಟ್ಟು, ಮುಖದ ತುಂಬ ಬೆಳಕು.

"ಬಾರಪ್ಪ ಇರಣ್ಣ, ನಿನಗೇ ಕಾಯ್ತಿದ್ದೆ. ಹೇಳಿದ ಹಾಗೆ ಮುಹೂರ್ತದ ಕೆಲಸ ನಿಂದೇ. ನಾಲ್ಕು ತೂತು, ಗುರುತು ಹಾಕೋದೊಂದು ಬಾಕಿ."

ನೀಲಾ ನನ್ನ ಕಡೆ ತಿರುಗಲಿಲ್ಲ. ಅದೇ ಭಯವಾದದ್ದು. ಅವಳು ಬನ್ನಿ ಎಲೆಯ ಗಂಟನ್ನು ಸೊಂಟದಿಂದ ತೆಗೆದು, ನಿಧಾನವಾಗಿ ಬಿಚ್ಚಿ, ಮತ್ತೆ ಕಟ್ಟಿದಳು.

"ಯಾವುದಕ್ಕ ನಾಲ್ಕು ತೂತು?" ಎಂದರು ಮಾವ.

ಕರಿಬಸಪ್ಪನವರಿಗೆ ನಮ್ಮ ಮನೆಯ ವ್ಯಾಜ್ಯದ ಸುಳಿವಿರಲಿಲ್ಲ. ಹೊಳೆಯುವ ಹ್ಯಾಂಡ್ಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿ, ಸ್ಪ್ರಿಂಗಿನ ಗುಣ, ಉರುಳೆಯ ನುಣುಪು ಎಲ್ಲ ವರ್ಣಿಸಿ, "ಹಳೇ ತಗಡು ತೆಗೆದು ಇದನ್ನ ಕೂರಿಸೋದು" ಎಂದು ಗಿಟಾರನ್ನು ಮಗುಚಿ ಸ್ಕ್ರೂಗೆ ಕೈ ಹಾಕಿದರು.

ಮಾವ ಎರಡು ಹೆಜ್ಜೆ ಮುಂದೆ ಬಂದರು. "ಬ್ಯಾಡ್ರಿ. ಆ ತಗಡು ತಗೀಬ್ಯಾಡ್ರಿ." ಅವರ ಧ್ವನಿ ನಡುಗುತ್ತಿತ್ತು.

ಮಗಳ ಹಾಗೆ ನೋಡಿಕೋ ಎಂದು ಕೊಟ್ಟದ್ದನ್ನು ಕಳ್ಳನ ಹಾಗೆ ಇಲ್ಲಿಗೆ ತಂದಿದ್ದೇನೆ, ಆ ಹಿರಿಯ ಜೀವ ನಡುಗುತ್ತಿದೆ. ಬೇಡ, ಹ್ಯಾಂಡ್ಲೂ ಬೇಡ, ಸ್ಟೂಲೂ ಬೇಡ. "ಯಜಮಾನ್ರೆ, ಬಿಟ್ಟುಬಿಡಿ. ಬೇಡ ಅಂತ ತೀರ್ಮಾನ ಮಾಡಿದೀನಿ" ಎಂದೆ. ಮೂರು ವಾರದಲ್ಲಿ ನಾನು ಮಾಡಿದ ಮೊದಲ ತೀರ್ಮಾನ ಅದು.

ಸ್ವಲ್ಪ ತಡವಾಗಿತ್ತು. ಕರಿಬಸಪ್ಪನವರ ಕೈ ಚುರುಕು. ಕೊನೆಯ ಸ್ಕ್ರೂ ಬಂದು ತಗಡು ಕಳಚಿತು.

ತಗಡಿನ ಅಡಿಯಲ್ಲಿ, ಗಿಟಾರಿನ ಬುಡದಲ್ಲಿ, ನಾಲ್ಕು ದುಂಡನೆಯ ಮಚ್ಚೆಗಳಿದ್ದವು. ಹಳೆಯ ಮರದ ಮೈಗೆ ಸಮನಾಗಿ, ಬೇರೆ ಬಣ್ಣದ ನಾಲ್ಕು ಬೆಣೆಗಳು. ನಾಲ್ಕು ತೂತು ಎಂದೋ ಕೊರೆದು, ಎಂದೋ ಮುಚ್ಚಿದ್ದು.

ಕರಿಬಸಪ್ಪನವರು ಕನ್ನಡಕ ಏರಿಸಿ, ಉಗುರಿನಿಂದ ಒಂದು ಬೆಣೆಯ ಅಂಚು ಸವರಿದರು. "ಉಗುರಿಗೇ ಸಿಗ್ತಿಲ್ಲ. ಯಾರೋ ಕೆಲಸ ಗೊತ್ತಿದ್ದೋರು ಮಾಡಿದ್ದು. ತೇಗ ಇರಬೇಕು."

"ತೇಗ ಎಲ್ಲೀದ್ರೀ" ಎಂದರು ಮಾವ, ತಡೆಯಲಾರದೆ. "ಬೀಟಿ ಅದು. ದೊಡ್ಡ ಸಾಹೇಬರು ಓಡಾಡ್ತಿದ್ದ ಹಳೇ ಸಲೂನ್ ಬೋಗಿದು ತುಂಡು."

ಹೇಳಿ, ಬಾಯಿ ಮುಚ್ಚಿಕೊಂಡರು. ಮುಚ್ಚಿಕೊಂಡು ಪ್ರಯೋಜನವಿರಲಿಲ್ಲ. ನೀಲಾ ಈಗ ಅವರ ಕಡೆ ತಿರುಗಿದ್ದಳು.

"ಅಪ್ಪಾ."

"ಏನವ್ವ."

"ಇವನ್ನ ನೀನ ಹಾಕಿದ್ದೇನು?"

ಮಾವ ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಳತೆಗೋಲಿನಂಥ ಆ ಕಣ್ಣುಗಳು ನೆಲ ನೋಡುತ್ತಿದ್ದವು. "ನಿಮ್ಮವ್ವಗ ಹೇಳಬ್ಯಾಡ ಮತ್ತ. ಅಂದ್ರ, ಅಕೀಗೆ ಗೊತ್ತೈತಿ. ನಿನಗ ಗೊತ್ತಾತು ಅಂತ ಹೇಳಬ್ಯಾಡ."

ಆಗಿದ್ದು ಇಷ್ಟು. ಮದುವೆಯ ಹೊಸತರಲ್ಲಿ ಡ್ರೈವರ್ ಸಾಹೇಬರಿಂದ ಆ ಗಿಟಾರು ಕೊಳ್ಳಲು ದುಡ್ಡು ಕೊಟ್ಟವರು ಅವರ ಮಾವ, ಅದು ಅಳಿಯನಿಗೆ ಉಡುಗೊರೆ. ಕ್ಲಬ್ಬಿನಲ್ಲಿ ಎಲ್ಲರ ಗಿಟಾರಿಗೂ ಹ್ಯಾಂಡ್ಲು ಇತ್ತು, ಇವರದಕ್ಕೆ ಮಾತ್ರ ಇರಲಿಲ್ಲ. ಇವರೂ ಹೆಂಡತಿಗೆ ಹೇಳದೆ ಕದ್ದು ಒಯ್ದು ವರ್ಕ್‌ಶಾಪಿನಲ್ಲಿ ಹಾಕಿಸಿದರು. ಮನೆಗೆ ತಂದದ್ದೇ ತಡ, ನನ್ನ ಅತ್ತೆ ಬಸಮ್ಮ ಗಿಟಾರು ನೋಡಿ, ಗಂಡನನ್ನು ನೋಡಿ, ಒಂದೇ ಮಾತು ಹೇಳಿದರಂತೆ: "ನಮ್ಮಪ್ಪ ಕೊಟ್ಟದ್ದು."

ಒಂದು ವಾರದೊಳಗೆ ಹ್ಯಾಂಡ್ಲು ಕೆಳಗಿಳಿಯಿತು, ತೂತುಗಳು ಮುಚ್ಚಿದವು. ನನಗೆ ಮಾವನ ಮೇಲೆ ಒಮ್ಮೆಲೇ ಎಷ್ಟು ಪ್ರೀತಿ ಉಕ್ಕಿತೆಂದರೆ ಹೋಗಿ ಅವರ ಪಕ್ಕದಲ್ಲಿ ಕೂರಬೇಕೆನ್ನಿಸಿತು. ಸ್ಟೂಲು ಒಂದೇ ಇದ್ದದ್ದರಿಂದ ನಿಂತೇ ಇದ್ದೆ.

"ಆ ಹ್ಯಾಂಡಲ್ ಏನಾತು?" ಎಂದಳು ನೀಲಾ.

"ನಿಮ್ಮವ್ವ ಬಚ್ಚಲ ಬಾಗಲಕ್ಕ ಚಿಲಕ ಮಾಡಿಸಿದ್ಲು."

"ಆ ಬೆಳ್ಳನ್ನ ಚಿಲಕ?" ನೀಲಾಳ ಬಾಯಿ ತೆರೆದೇ ಇತ್ತು. "ಹುಟ್ಟಿದಾಗಿಂದ ಅದನ್ನ ಹಿಡಕೊಂಡು ಜಗ್ಗೀನಲ್ಲಪ್ಪ ನಾನು."

"ಹೂಂ. ನೀ ಜಗ್ಗಿದಾಗೊಮ್ಮೆ ನನ್ನ ಕೈ ಹಂಗ ಅಲುಗ್ತಿತ್ತು" ಎಂದು ಮಾವ ಗಾಳಿಯಲ್ಲಿ ಬೆರಳು ಒತ್ತಿ ತೋರಿಸಿದರು. ನಗುತ್ತಲೇ ಹೇಳಿದ್ದು. ಆದರೆ ಆ ಬೆರಳು ಗಾಳಿಯಲ್ಲೂ ಸರಿಯಾದ ಜಾಗದಲ್ಲಿ ಬಾಗಿತ್ತು.

ನೀಲಾ ಅಪ್ಪನ ಬೆರಳನ್ನೇ ನೋಡುತ್ತ ನಿಂತಳು. ಆಮೇಲೆ ಕರಿಬಸಪ್ಪನವರ ಕಡೆ ತಿರುಗಿ, "ಹಾಕ್ರಿ ಯಜಮಾನ್ರ, ಆ ಹ್ಯಾಂಡಲ್" ಎಂದಳು.

ಗಂಡ ಮೂರು ವಾರ ಗೋಗರೆದರೆ ತಣ್ಣನೆಯ ರೊಟ್ಟಿ. ಅಪ್ಪ ಗಾಳಿಯಲ್ಲಿ ಒಂದು ಬೆರಳು ಒತ್ತಿದರೆ ಅಪ್ಪಣೆ. ಇರಲಿ. ದೂರು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕರಿಬಸಪ್ಪನವರು ಅಳೆದು ನೋಡಿದರು. ಹಳೆಯ ತೂತಿಗೂ ಅವರ ಹ್ಯಾಂಡ್ಲಿನ ತೂತಿಗೂ ಎರಡು ಅಕ್ಕಿಕಾಳಿನಷ್ಟು ವ್ಯತ್ಯಾಸ. "ಮರಕ್ಕೆ ಹೊಸ ತೂತು ಬೇಡ. ನನ್ನ ಹ್ಯಾಂಡ್ಲಿನ ತಗಡಿಗೇ ಬೇರೆ ತೂತು ಹಾಕ್ತೀನಿ" ಎಂದು, ಕನ್ನಡಿಯ ಹಾಗೆ ಉಜ್ಜಿದ್ದ ತಮ್ಮ ಕೆಲಸವನ್ನೇ ಯಂತ್ರದ ಕೆಳಗಿಟ್ಟರು. ಎರಡು ವಾರದ ಶ್ರಮಕ್ಕೆ ಇನ್ನೊಬ್ಬನ ಮರಕ್ಕಾಗಿ ತೂತು ಹಾಕಿದ ಆ ಮನುಷ್ಯನಿಗೆ ಏನು ಹೇಳಬೇಕೆಂದು ಇಂದಿಗೂ ನನಗೆ ಹೊಳೆದಿಲ್ಲ. ವಿಜಯದಶಮಿಯ ಮುಹೂರ್ತ ಹಾಗಾಯಿತು. ಬೀಟೆಯ ಬೆಣೆಗಳನ್ನು ಮಾವನೇ ಕೈಯಾರೆ ಕೊರೆದು ತೆಗೆದರು.

ಹ್ಯಾಂಡ್ಲು ಕೂತಿತು, ತಂತಿ ಬಿಗಿದರು. ಅಷ್ಟರಲ್ಲಿ ನನ್ನ ಉತ್ತರ ಕೇಳಲೆಂದು ಈರೇಶ್, ಮನೆಗೆ ಬೀಗ ನೋಡಿ, ಕಾರ್ಖಾನೆಗೇ ಸ್ಕೂಟರಿನಲ್ಲಿ ಬಂದ. ಎಲ್ಲರ ಎದುರಿಗೆ ನಾನು ಗಿಟಾರು ತೆಗೆದುಕೊಂಡು, ಎದೆಯುಬ್ಬಿಸಿ, ಒಂದು ಸ್ವರ ಮೀಟಿ ಹಿಡಿ ಒತ್ತಿದೆ. ಸ್ವರ ಹಳ್ಳಕ್ಕೆ ಬಿತ್ತು. ಬಿಟ್ಟೆ, ದಿಬ್ಬ ಹತ್ತಿತು. ಒತ್ತಿ ಬಿಟ್ಟು ಒತ್ತಿ ಬಿಟ್ಟು ಒಂದು ಸಾಲು ನುಡಿಸುವಷ್ಟರಲ್ಲಿ, ಲಗ್ಗೆರೆಯ ರಸ್ತೆಯಲ್ಲಿ ಬಿಟಿಎಸ್ ಬಸ್ಸಿನ ಕೊನೇ ಸೀಟಿನಲ್ಲಿ ಕೂತ ಅನುಭವ ಎಲ್ಲರಿಗೂ ಆಯಿತು.

"ಸಾಕ್ರೀ, ವಾಂತಿ ಬಂದಂಗ ಆಗ್ತೈತಿ" ಎಂದಳು ನನ್ನ ಧರ್ಮಪತ್ನಿ.

"ಒಂದೀಟು ಇಲ್ಲಿ ಕೊಡ್ರಿ ಅಳಿಯಂದ್ರ" ಎಂದರು ಮಾವ.

ಅವರು ಒಂದು ಹಳೆಯ ತತ್ವಪದದ ಧಾಟಿ ಹಿಡಿದರು. ಹಿಡಿಯನ್ನು ಒತ್ತಿದರೋ ಸುಮ್ಮನೆ ಮುಟ್ಟಿದರೋ ತಿಳಿಯಲಿಲ್ಲ. ಸ್ವರ ನಿಂತಲ್ಲೇ ಉಸಿರಾಡತೊಡಗಿತು. ಯಂತ್ರ ಒರೆಸುತ್ತಿದ್ದವರ ಕೈ ನಿಂತವು. ಕಿಟಕಿಯಾಚೆ ಲಾರಿಗೆ ಮಾಲು ತುಂಬುತ್ತಿದ್ದವರು ಇಣುಕಿದರು. ನೀಲಾ ಬನ್ನಿ ಎಲೆಯ ಗಂಟನ್ನು ಎದೆಗೆ ಒತ್ತಿಕೊಂಡಿದ್ದಳು. ಅಪ್ಪ ನುಡಿಸಿದ್ದನ್ನು ಅವಳು ಕೇಳಿದ್ದು ಅದೇ ಮೊದಲಂತೆ. ಅವಳಿಗೆ ತಿಳುವಳಿಕೆ ಬರುವ ಹೊತ್ತಿಗೆ ಅವರು ನುಡಿಸುವುದನ್ನೇ ಬಿಟ್ಟಿದ್ದರು.

ಮುಗಿದ ಮೇಲೆ ಈರೇಶ್ ನನ್ನ ಕಡೆ ನೋಡಲೇ ಇಲ್ಲ. ಸೀದಾ ಮಾವನ ಕಾಲಿಗೆ ಬಿದ್ದ.

"ಯಜಮಾನ್ರೆ, ನವೆಂಬರ್ ಮುಗಿಯೋ ತನಕ ಬೆಂಗಳೂರಲ್ಲಿ ಇರ್ತೀರಲ್ಲ?"

ಮಾವ ನನ್ನ ಮುಖ ನೋಡಿದರು. ಅವರಿಗೆ ಅರ್ಥವಾಗಿತ್ತು. "ಅಳಿಯಂದ್ರ ಜಾಗಾ ಅದು" ಎಂದರು.

ನಾನೇನು ಮಹಾತ್ಮನಲ್ಲ. ಒಂದು ಕ್ಷಣ ಲೆಕ್ಕ ಹಾಕಿದೆ. ಎಂಟು ವರ್ಷದ ಸ್ಟೂಲು. ನೀಲಿ ಕೋಟು. ಆದರೆ ಗಾಳಿಯಲ್ಲಿ ಬಾಗಿದ ಆ ಬೆರಳು ಕಣ್ಣಿನಿಂದ ಹೋಗಿರಲಿಲ್ಲ. "ನೀವು ಕುಂದರ್ರಿ ಮಾವಾರ. ನಾನು ಪೆಟ್ಟಿಗಿ ಹೊರತೀನಿ" ಎಂದೆ.

ಅವತ್ತು ಸಂಜೆ ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಒಂದರ ಮೇಲೊಂದು, ಸಾಕು ಎಂದರೂ ಬಿತ್ತು. ನೀಲಾ ಮೇಲೆ ಒಂದು ಚಮಚ ಬೆಣ್ಣೆ ಇಟ್ಟಳು.

ರಾಜ್ಯೋತ್ಸವದ ದಿನ ಲಗ್ಗೆರೆಯ ಮೈದಾನದಲ್ಲಿ ಮಾವ ನನ್ನ ನೀಲಿ ಕೋಟು ತೊಟ್ಟು, ಹಣೆಗೆ ವಿಭೂತಿ ಎಳೆದುಕೊಂಡು, ಎಡಗಡೆಯಿಂದ ಎರಡನೇ ಸ್ಟೂಲಿನ ಮೇಲೆ ಕೂತರು. ಕೋಟು ತುಸು ಬಿಗಿಯಾಗಿತ್ತು. ನಾನು ಪೆಟ್ಟಿಗೆ ಹೊತ್ತು, ವೈರು ಜೋಡಿಸಿ, ಕೆಳಗಿಳಿದು ನೀಲಾಳ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತೆ. ಎಂಟು ವರ್ಷದಲ್ಲಿ ಹೆಂಡತಿಯ ಪಕ್ಕ ಕೂತು ನೋಡಿದ ಮೊದಲ ರಾಜ್ಯೋತ್ಸವ. ಅಲ್ಲಿಯ ತನಕ ನನ್ನ ಗಿಟಾರನ್ನು ನಾನು ಹಿಂದಿನಿಂದಷ್ಟೇ ಕೇಳಿದ್ದೆ. ಮುಂದೆ ಕೂತವರಿಗೆ ಅದು ಹೇಗೆ ಕೇಳುತ್ತದೆ ಎಂದು ಅಂದು ಗೊತ್ತಾಯಿತು. ಜೇನುತುಪ್ಪದ ಬಣ್ಣ ಎಂದು ಮೊದಲೇ ಹೇಳಿದೆನಲ್ಲ. ಸದ್ದೂ ಅದೇ ಬಣ್ಣದ್ದು. ಕೊಟ್ಟ ಮಾವ, ಮಾಡಿದ ಕರಿಬಸಪ್ಪನವರು, ಬೇಡ ಎಂದ ಹೆಂಡತಿ, ಬೇಕು ಎಂದ ಈರೇಶ್, ಒಬ್ಬರು ಕಮ್ಮಿಯಾಗಿದ್ದರೂ ನಾನು ಆ ಕುರ್ಚಿಯಲ್ಲಿ ಕೂತು ಅದನ್ನು ಕೇಳುತ್ತಿರಲಿಲ್ಲ. ಮನಸ್ಸಿನಲ್ಲೇ ಎಲ್ಲರಿಗೂ ಕೈ ಮುಗಿದೆ.

ನನ್ನ ಇನ್ನೊಂದು ಪಕ್ಕದಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬರು ಕೂತಿದ್ದರು. ಹಾಡು ಮುಗಿದು ಚಪ್ಪಾಳೆ ಬಿದ್ದಾಗ ನನ್ನ ಮೊಣಕೈ ತಿವಿದರು.

"ಯಜಮಾನ್ರು ಏನ್ ಸಕ್ಕತ್ತಾಗಿ ನುಡಿಸ್ತಾರೆ ಅಲ್ವಾ ಸಾರ್?"

"ಹೌದು ಸಾರ್."

"ಹೋದ್ವರ್ಷ ಇದೇ ಜಾಗದಲ್ಲಿ ಇನ್ನೊಬ್ಬ ಕೂತಿದ್ದ. ಅದೇ ಗಿಟಾರು, ಅದೇ ಕೋಟು. ರೇಷನ್ ಅಂಗಡಿಲಿ ಡಬ್ಬ ಬಡ್ದಂಗ್ ನುಡಿಸ್ತಿದ್ದ ಪುಣ್ಯಾತ್ಮ. ಅವನನ್ನ ತೆಗೆದು ಒಳ್ಳೆ ಕೆಲಸ ಮಾಡಿದ್ರು."

ಚಪ್ಪಾಳೆ ತಟ್ಟುತ್ತಿದ್ದ ನೀಲಾಳ ಬಳೆಗಳ ಸದ್ದು ನಿಂತಿತು. ನಾನು ಅವಳ ಕಡೆ ನೋಡಲಿಲ್ಲ.

"ಅವನೇ ಬಿಟ್ಟುಕೊಟ್ಟನಂತೆ ಸಾರ್" ಎಂದೆ.

"ಹಂಗಾ?" ಎಂದು ಅವರು ಆಶ್ಚರ್ಯಪಟ್ಟರು. ವೇದಿಕೆಯ ಕಡೆ ಒಮ್ಮೆ ನೋಡಿ, ಮಫ್ಲರ್ ಬಿಗಿ ಮಾಡಿಕೊಂಡು ಹೇಳಿದರು: "ಹಂಗಾದ್ರೆ ಅವನ ಕಿವಿ ಚೆನ್ನಾಗಿದೆ ಬಿಡಿ ಸಾರ್. ಕೈ ಒಂದು ಸರಿ ಇರಲಿಲ್ಲ ಅಷ್ಟೆ."

ಎಂಟು ವರ್ಷದಲ್ಲಿ ನನ್ನ ಸಂಗೀತಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ನನ್ನ ಕೈಯಲ್ಲಿದ್ದ ಕಡ್ಲೆಕಾಯಿ ಪೊಟ್ಟಣವನ್ನು ಹಾಗೇ ಅವರ ಕೈಗಿಟ್ಟೆ.